ಸಿಂಹಾಸನಕ್ಕೆ ಸೋತ ಪಿಯಾನೋ: ಜಯಚಾಮರಾಜ ಒಡೆಯರ ಸಂಗೀತಯಾನ

ಸಿಂಧನೂರು: 1956ರ ನವೆಂಬರ್ 1ರಂದು ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ಜನರು ಮನೆಯಿಂದ ಹೊರಗೆ ಕಾಲಿಡದೆಯೇ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದರು. ಹಿಂದಿನ ದಿನದವರೆಗೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ರಾಯಚೂರು ಜಿಲ್ಲೆ ಅಂದು ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. ಹೊಸ ರಾಜ್ಯದ ಮುಖ್ಯಮಂತ್ರಿಯಾಗಿ ಎಸ್. ನಿಜಲಿಂಗಪ್ಪ ಅಧಿಕಾರ ವಹಿಸಿಕೊಂಡರು. ಅದರ ಮೊದಲ ರಾಜ್ಯಪಾಲರಾದವರು ಮೈಸೂರು ಸಂಸ್ಥಾನದ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್.

ನಿಜಾಮರ ಆಳ್ವಿಕೆಯನ್ನು ಕಂಡಿದ್ದ ಈ ಭಾಗದ ಜನರಿಗೆ ಮೈಸೂರಿನ ಅರಸರೆಂದರೆ ದಸರೆಯ ಅಂಬಾರಿ, ಚಾಮುಂಡಿ ಬೆಟ್ಟ, ಕನ್ನಂಬಾಡಿ ಕಟ್ಟೆಗಳ ನೆನಪು. ಆದರೆ ಅಂದು ರಾಜ್ಯಪಾಲರಾಗಿ ಪ್ರಮಾಣವಚನ ಸ್ವೀಕರಿಸಿದ 37 ವರ್ಷದ ಆ ವ್ಯಕ್ತಿ ಯೌವನದಲ್ಲಿ ಕಂಡ ಕನಸು ಅರಸೊತ್ತಿಗೆಯದಾಗಿರಲಿಲ್ಲ. ಜಗತ್ತಿನ ದೊಡ್ಡ ಸಭಾಂಗಣಗಳಲ್ಲಿ ಪಿಯಾನೋ ನುಡಿಸುವ ಕಲಾವಿದನಾಗಬೇಕೆಂದು ಅವರು ಹಂಬಲಿಸಿದ್ದರು. ಆ ಹಂಬಲ ಕೈಗೂಡಲಿಲ್ಲ. ಕೈಗೂಡದ ಹಂಬಲವು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಒಬ್ಬ ವೃದ್ಧ ಸಂಗೀತಗಾರನ ಬಾಳಿಗೆ ಬೆಳಕಾಯಿತು. ಕರ್ನಾಟಕ ಸಂಗೀತಕ್ಕೆ 94 ಕೃತಿಗಳ ಕೊಡುಗೆಯಾಯಿತು. ಜಯಚಾಮರಾಜ ಒಡೆಯರ ಬದುಕಿನ ಈ ಮಗ್ಗುಲು ಅವರ ರಾಜಕೀಯ ಜೀವನದಷ್ಟು ಪ್ರಚಾರ ಪಡೆದಿಲ್ಲ.

ಹಾರ್ಮೋನಿಯಂ ಬಲ್ಲ ನಾಡಿಗೆ ಪಿಯಾನೋ

ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಪಿಯಾನೋ ಕಂಡವರು ವಿರಳ. ಆದರೆ ಹಾರ್ಮೋನಿಯಂ ಕಾಣದ ಊರಿಲ್ಲ. ಭಜನಾ ಮೇಳ, ಬಯಲಾಟ, ನಾಟಕ ಕಂಪನಿ, ದಾಸರ ಪದಗಳ ಹಾಡಿಕೆ ಎಲ್ಲಕ್ಕೂ ಅದು ಬೇಕು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಆ ವಾದ್ಯದ ಕಪ್ಪು ಬಿಳಿ ಮನೆಗಳ ಸಾಲು ಪಿಯಾನೋದಲ್ಲಿರುವಂಥದ್ದೇ. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಲೋಹದ ನಾಲಗೆಗಳನ್ನು ಕಂಪಿಸಿ ಸ್ವರ ಹೊರಡಿಸುತ್ತದೆ. ಪಿಯಾನೋದಲ್ಲಿ ಬೆರಳು ಮನೆಯನ್ನು ಒತ್ತಿದಾಗ ಒಳಗಿರುವ ಪುಟ್ಟ ಸುತ್ತಿಗೆ ಬಿಗಿದ ತಂತಿಗೆ ಬಡಿಯುತ್ತದೆ. ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದ ಪಿಸುಮಾತೂ ಆಗಬಹುದು, ಸಿಡಿಲೂ ಆಗಬಹುದು. ಇಂದಿನ ದೊಡ್ಡ ಪಿಯಾನೋದಲ್ಲಿ ಇಂಥ 88 ಮನೆಗಳಿರುತ್ತವೆ. ಹತ್ತು ಬೆರಳುಗಳಿಂದ ಏಕಕಾಲಕ್ಕೆ ಹಲವು ಸ್ವರಗಳನ್ನು ಹೊಮ್ಮಿಸಿ ಒಂದು ವಾದ್ಯವೃಂದದ ಆಭಾಸವನ್ನೇ ಕೊಡಬಹುದು.

ಈ ವಿದ್ಯೆ ಸುಲಭಸಾಧ್ಯವಲ್ಲ. ಕಛೇರಿಯ ಮಟ್ಟಕ್ಕೆ ಏರಬೇಕಾದವರು ಎಳವೆಯಿಂದಲೇ ದಿನಕ್ಕೆ ಹಲವು ಗಂಟೆ ವಾದ್ಯದ ಮುಂದೆ ಕೂರಬೇಕು. ಇಪ್ಪತ್ತರ ಆಸುಪಾಸಿನ ವರ್ಷಗಳು ನಿರ್ಣಾಯಕ. ಆ ವರ್ಷಗಳಲ್ಲಿ ಸಾಧನೆ ಮುರಿದರೆ ವೇದಿಕೆ ದೂರವಾಗುತ್ತದೆ. ಜಯಚಾಮರಾಜರ ಬದುಕಿನಲ್ಲಿ ಆದದ್ದು ಇದೇ.

ಎರಡು ಸಂಗೀತಗಳ ಅರಮನೆ

ಜಯಚಾಮರಾಜರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗ ಮೈಸೂರಿನ ಮಹಾರಾಜರು. ಅವರಿಗೆ ಮಕ್ಕಳಿರಲಿಲ್ಲ. ಸಹಜವಾಗಿಯೇ ತಮ್ಮನೂ, ತಮ್ಮನ ಏಕೈಕ ಪುತ್ರನೂ ಉತ್ತರಾಧಿಕಾರದ ಸಾಲಿನಲ್ಲಿದ್ದರು.

ಆ ಕಾಲದ ಮೈಸೂರು ಅರಮನೆಯಲ್ಲಿ ಎರಡು ಸಂಗೀತಗಳು ಒಂದೇ ಸೂರಿನಡಿ ವಾಸವಾಗಿದ್ದವು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಅವರಂಥ ವಿದ್ವಾಂಸರಿಗೆ ಆಶ್ರಯ ನೀಡಿದ್ದ ನಾಲ್ವಡಿಯವರು ಸ್ವತಃ ವೀಣೆ, ಪಿಟೀಲುಗಳ ಜೊತೆಗೆ ಪಿಯಾನೋವನ್ನೂ ನುಡಿಸಬಲ್ಲವರಾಗಿದ್ದರು. ಅರಮನೆಯ ಕರ್ನಾಟಕ ವಾದ್ಯವೃಂದದ ಪಕ್ಕದಲ್ಲಿಯೇ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಹೀಗಾಗಿ ಬಾಲಕ ಜಯಚಾಮರಾಜರ ಕಿವಿಗೆ ತೋಡಿ, ಕಲ್ಯಾಣಿಗಳ ಜೊತೆಯಲ್ಲಿಯೇ ಬಾಖ್, ಬೀಥೋವನ್ ಕೂಡ ಪರಿಚಿತರಾದರು. ಅವರ ಸಹೋದರಿ ವಿಜಯಾದೇವಿಯವರೂ ಪಿಯಾನೋದಲ್ಲಿ ಪರಿಣತಿ ಪಡೆದರು. ಮುಂದೆ 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದವರು ಅವರೇ.

ರಾಜಕುಮಾರನ ವ್ಯಾಸಂಗ ಎಲ್ಲರಂತೆ ಕಾಲೇಜಿನಲ್ಲಿಯೇ ನಡೆಯಿತು. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಬಹುಮಾನ, ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. ಮರುವರ್ಷ ಯುರೋಪ್ ಪ್ರವಾಸ ಕೈಗೊಂಡರು. ಲಂಡನ್ನಿನಲ್ಲಿ ಹಲವು ಸಂಘ ಸಂಸ್ಥೆಗಳಿಗೆ ಭೇಟಿ ನೀಡಿ ಕಲಾವಿದರ, ವಿದ್ವಾಂಸರ ಸ್ನೇಹ ಸಂಪಾದಿಸಿದರು. ದೊಡ್ಡಪ್ಪ ಸಿಂಹಾಸನದ ಮೇಲಿದ್ದರು. ಅವರ ನಂತರ ತಂದೆ ಇದ್ದರು. ತಮ್ಮ ಸರದಿ ಬರಲು ಇನ್ನೂ ಎಷ್ಟೋ ವರ್ಷಗಳಿವೆ, ಅಲ್ಲಿಯವರೆಗೆ ಪಿಯಾನೋ ಸಾಧನೆಗೆ ಸಮಯವಿದೆ ಎಂದು 20ರ ಆ ಯುವಕ ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಐದು ತಿಂಗಳಲ್ಲಿ ಎರಡು ಸಾವು

1940ರ ಮಾರ್ಚ್ 11ರಂದು ಯುವರಾಜ ನರಸಿಂಹರಾಜ ಒಡೆಯರ್ ಮುಂಬಯಿಯಲ್ಲಿ ನಿಧನರಾದರು. ಆ ದುಃಖ ಆರುವ ಮೊದಲೇ ಆಗಸ್ಟ್ 3ರಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ ಕಣ್ಮುಚ್ಚಿದರು. ಐದು ತಿಂಗಳೊಳಗೆ ಅರಮನೆ ಇಬ್ಬರು ಹಿರಿಯರನ್ನು ಕಳೆದುಕೊಂಡಿತು. ಸೆಪ್ಟೆಂಬರ್ 8ರಂದು, 21 ವರ್ಷದ ಜಯಚಾಮರಾಜರು ಪಟ್ಟವೇರಿದರು.

ಪಟ್ಟದ ಜೊತೆಯಲ್ಲಿಯೇ ಕಛೇರಿ ಕಲಾವಿದನಾಗುವ ಆಸೆ ಮುಗಿಯಿತು. ಎರಡನೆಯ ಮಹಾಯುದ್ಧ ನಡೆದಿತ್ತು. ಯುರೋಪಿನ ಸಭಾಂಗಣಗಳ ಮೇಲೆ ಬಾಂಬು ಬೀಳುತ್ತಿದ್ದ ಕಾಲವದು. ಯುದ್ಧವಿಲ್ಲದಿದ್ದರೂ ಆಳುವ ಮಹಾರಾಜನೊಬ್ಬ ಟಿಕೆಟ್ ಕೊಂಡು ಬಂದವರ ಮುಂದೆ ಪಿಯಾನೋ ನುಡಿಸುವುದನ್ನು ಅಂದಿನ ಸಂಪ್ರದಾಯ ಒಪ್ಪುತ್ತಿರಲಿಲ್ಲ. ಆದರೂ ಅಭ್ಯಾಸ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಅವರು ಪಡೆದರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೊ ಸ್ಥಾನ ನೀಡಿತು. ವೇದಿಕೆಯ ಯೋಗವಿಲ್ಲದಿದ್ದರೂ ವಿದ್ಯೆಯನ್ನು ಪೂರ್ಣಗೊಳಿಸುವ ಹಟ ಇದರಲ್ಲಿ ಕಾಣುತ್ತದೆ.

ತಾನು ನುಡಿಸಲಾಗದ್ದನ್ನು ಕೇಳುವುದೊಂದೇ ಅವರಿಗೆ ಉಳಿದ ದಾರಿ. ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಬೆಳೆಯತೊಡಗಿತು. ಮುಂದೆ ಅದು 20,000 ತಟ್ಟೆಗಳಷ್ಟಿತ್ತೆಂದು ಅಂದಾಜು. ಉತ್ತಮ ಧ್ವನಿವರ್ಧಕಗಳು, ಹಲವು ಬೃಹತ್ ಪಿಯಾನೋಗಳು ಅಲ್ಲಿದ್ದವು. ಈ ಸಂಗ್ರಹ ಕಟ್ಟುವಾಗಲೇ ಅವರ ಕಣ್ಣಿಗೆ ಒಂದು ದೊಡ್ಡ ಕೊರತೆ ಬಿತ್ತು. ತಾವು ಬಹುವಾಗಿ ಮೆಚ್ಚಿದ್ದ ಒಬ್ಬ ಸಂಯೋಜಕನ ಮುಖ್ಯ ರಚನೆಗಳೇ ತಟ್ಟೆಯಲ್ಲಿ ಸಿಗುತ್ತಿರಲಿಲ್ಲ.

ಲಂಡನ್ನಿನ ಮರೆತುಹೋದ ಕಲಾವಿದ

ಆ ಸಂಯೋಜಕ ನಿಕೊಲಾಯ್ ಮೆಟ್ನರ್. 1880ರ ಜನವರಿ 5ರಂದು ಮಾಸ್ಕೋದಲ್ಲಿ ಹುಟ್ಟಿದ ಅವರು 1900ರಲ್ಲಿ ಅಲ್ಲಿನ ಸಂಗೀತ ವಿದ್ಯಾಲಯದಿಂದ ಉನ್ನತ ಗೌರವದೊಂದಿಗೆ ತೇರ್ಗಡೆಯಾದರು. ಪಿಯಾನೋ ವಾದನದಲ್ಲಿ ಅಸಾಮಾನ್ಯ ಪ್ರತಿಭೆ ಇದ್ದರೂ ಅನ್ಯರ ರಚನೆಗಳನ್ನು ನುಡಿಸಿ ಹೆಸರು ಗಳಿಸುವುದಕ್ಕಿಂತ ಸ್ವಂತ ರಚನೆಗೆ ಜೀವನವನ್ನು ಮುಡಿಪಾಗಿಟ್ಟರು. ಪ್ರಖ್ಯಾತ ಸಂಯೋಜಕ ಸೆರ್ಗೆಯ್ ರಾಖ್ಮನಿನೊವ್ ಅವರ ಆಪ್ತ ಮಿತ್ರ. ರಾಖ್ಮನಿನೊವ್ ತಮ್ಮ ನಾಲ್ಕನೆಯ ಪಿಯಾನೋ ಕನ್ಸರ್ಟೊವನ್ನು ಮೆಟ್ನರರಿಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನೊವರಿಗೆ ಅರ್ಪಿಸಿದರು. ಕನ್ಸರ್ಟೊ ಎಂದರೆ ಒಂದು ವಾದ್ಯ ಮುಂಚೂಣಿಯಲ್ಲಿದ್ದು ಇಡೀ ವಾದ್ಯವೃಂದದೊಡನೆ ಸಂವಾದಿಸುವ ದೀರ್ಘ ರಚನೆ.

ರಷ್ಯದ ಕ್ರಾಂತಿಯ ನಂತರ, 1921ರಲ್ಲಿ ಮೆಟ್ನರ್ ತಾಯ್ನಾಡನ್ನು ತೊರೆದರು. ಬರ್ಲಿನ್, ಪ್ಯಾರಿಸ್ ಸಮೀಪದ ಊರುಗಳಲ್ಲಿ ಕೆಲ ವರ್ಷ ಕಳೆದು 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಹೊಸ ಬಗೆಯ ಸಂಗೀತದ ಪ್ರಯೋಗಗಳು ಯುರೋಪನ್ನು ಆವರಿಸಿದ್ದ ಆ ದಿನಗಳಲ್ಲಿ ಹಳೆಯ ಮಾರ್ಗವನ್ನೇ ನಂಬಿದ ಮೆಟ್ನರ್ ಹಿಂದೆ ಉಳಿದವರೆನಿಸಿದರು. ಪಾಠ ಹೇಳಿ ಜೀವನ ಸಾಗಿಸಬೇಕಾಯಿತು. ಮಹಾಯುದ್ಧ ಆರಂಭವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಗೌರವಧನವೂ ನಿಂತುಹೋಯಿತು. ಲಂಡನ್ನಿನ ಮೇಲೆ ಬಾಂಬ್ ದಾಳಿ ನಡೆದಾಗ ಶಿಷ್ಯೆ, ಪಿಯಾನೋ ವಾದಕಿ ಎಡ್ನಾ ಐಲ್ಸ್ ಅವರ ಕುಟುಂಬ ಇಂಗ್ಲೆಂಡಿನ ಒಳನಾಡಿನಲ್ಲಿ ಅವರಿಗೆ ಆಶ್ರಯ ಕೊಟ್ಟಿತು. 1942ರಲ್ಲಿ ಹೃದಯಾಘಾತವಾಯಿತು. ಅಂಥ ಸ್ಥಿತಿಯಲ್ಲೂ ಮೂರನೆಯ ಕನ್ಸರ್ಟೊವನ್ನು ಮುಗಿಸಿ, 1944ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು.

ಯುದ್ಧ ಮುಗಿಯಿತು. 66 ವರ್ಷದ ಮೆಟ್ನರರ ಆರೋಗ್ಯ ಕ್ಷೀಣಿಸಿತ್ತು. ಅವರೊಡನೆ ಅವರ ವಾದನವೂ ಮಣ್ಣು ಸೇರುವ ಸಂಭವವಿತ್ತು. ಮುದ್ರಿತ ಸ್ವರಲಿಪಿ ಉಳಿಯುತ್ತದೆ ನಿಜ. ಆದರೆ ರಚಿಸಿದವನ ಬೆರಳಿನ ಲಯ, ನಿಲುಗಡೆ, ಒತ್ತು ಲಿಪಿಯಲ್ಲಿ ಉಳಿಯುವುದಿಲ್ಲ. ದಾಸರ ಪದಗಳು ನಮಗೆ ಸಾಹಿತ್ಯವಾಗಿ ಉಳಿದಿವೆ. ಆದರೆ ಮಾನವಿಯ ಜಗನ್ನಾಥದಾಸರು ಅವನ್ನು ಹೇಗೆ ಹಾಡಿದರೆಂದು ಇಂದು ಯಾರೂ ಹೇಳಲಾರರು. ಅದೇ ಬಗೆಯ ನಷ್ಟ ಮೆಟ್ನರರ ವಿಷಯದಲ್ಲಿ ಕಣ್ಣೆದುರಿಗೇ ಸಂಭವಿಸುವುದರಲ್ಲಿತ್ತು.

ಮೈಸೂರಿನಿಂದ ಹೋದ ನೆರವು

ಆ ಹೊತ್ತಿನಲ್ಲಿ ಮೈಸೂರು ಸಂಸ್ಥಾನದ ಲಂಡನ್ನಿನ ವಾಣಿಜ್ಯ ಪ್ರತಿನಿಧಿಯ ಮೂಲಕ ಮಹಾರಾಜರ ವಿಚಾರಣೆ ಮೆಟ್ನರರನ್ನು ತಲುಪಿತು. ಅವರ ರಚನೆಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವ ಖರ್ಚನ್ನು ವಹಿಸಲು ಮಹಾರಾಜರು ಸಿದ್ಧರಿದ್ದರು. ಇದಕ್ಕಾಗಿ ಮೆಟ್ನರ್ ಸೊಸೈಟಿ ರಚನೆಯಾಯಿತು. ಎಚ್‌ಎಂವಿ ಕಂಪನಿ ಮುದ್ರಣಕ್ಕೆ ಒಪ್ಪಿತು.

ಈ ಕಾರ್ಯದ ಸೂತ್ರ ಹಿಡಿದವರು ವಾಲ್ಟರ್ ಲೆಗ್. ಮುದ್ರಣ ಕಂಪನಿಯ ಪ್ರಭಾವಿ ನಿರ್ಮಾಪಕರಾಗಿದ್ದ ಅವರು 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಸ್ಥಾಪಿಸಿದ್ದರು. ಮಹಾರಾಜರ ಆಹ್ವಾನದ ಮೇರೆಗೆ ಅವರು ಮೈಸೂರಿಗೆ ಬಂದು ಕೆಲವು ವಾರ ತಂಗಿದರು. 30 ವರ್ಷವೂ ತುಂಬದ ಅರಸನ ಸಂಗೀತ ಜ್ಞಾನ, ತಟ್ಟೆಗಳ ಸಂಗ್ರಹ ಕಂಡು ಬೆರಗಾದರು. ಮೆಟ್ನರರ ಕನ್ಸರ್ಟೊಗಳು, ಗೀತೆಗಳು ಮತ್ತು ಕೆಲವು ಸಣ್ಣ ಮೇಳದ ರಚನೆಗಳ ಮುದ್ರಣಕ್ಕೆ ಮಹಾರಾಜರು ಹಣ ಕೊಡಲು ಒಪ್ಪಿದರು. ಅದರ ಜೊತೆಗೆ ಫಿಲ್‌ಹಾರ್ಮೋನಿಯಾ ತನ್ನ ಕಾಲ ಮೇಲೆ ನಿಲ್ಲಲು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ನೆರವಿನ ಭರವಸೆಯಿತ್ತರು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 1.33 ಲಕ್ಷ ರೂಪಾಯಿ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾಗಿ ಜಯಚಾಮರಾಜ ಒಡೆಯರ್ ಅವರನ್ನೇ ಆರಿಸಲಾಯಿತು.

ಅಂದಿನ ಮುದ್ರಣದ ಶ್ರಮ ಇಂದಿನವರ ಊಹೆಗೆ ನಿಲುಕದು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಅರ್ಧ ಗಂಟೆ ಮೀರಿದ ಒಂದು ಕನ್ಸರ್ಟೊವನ್ನು ಹಲವು ತುಂಡುಗಳಾಗಿ ನುಡಿಸಬೇಕಿತ್ತು. ಪ್ರತಿ ತುಂಡೂ ಮೊದಲಿಂದ ಕೊನೆಯವರೆಗೆ ತಪ್ಪಿಲ್ಲದೆ ಸಾಗಬೇಕು. ನಡುವೆ ಎಡವಿದರೆ ಮತ್ತೆ ಮೊದಲಿನಿಂದ. ಹೃದಯದ ತೊಂದರೆಯಿದ್ದ ವೃದ್ಧ ಮೆಟ್ನರ್ ಈ ಪರೀಕ್ಷೆಗೆ ಒಡ್ಡಿಕೊಂಡರು. 1947ರಲ್ಲಿ ಮೂರೂ ಕನ್ಸರ್ಟೊಗಳು ಮುದ್ರಣಗೊಂಡವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ಫಿಲ್‌ಹಾರ್ಮೋನಿಯಾವನ್ನು ನಿರ್ದೇಶಿಸಿದರು. ಓಡಾ ಸ್ಲೊಬೊಡ್‌ಸ್ಕಯಾ, ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರಂಥ ಗಾಯಕಿಯರು ಮೆಟ್ನರರ ಪಿಯಾನೋ ಸಹಯೋಗದಲ್ಲಿ ಅವರ ಗೀತೆಗಳನ್ನು ಹಾಡಿದರು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಒಟ್ಟು ಮೂರು ಸಂಪುಟಗಳು ಹೊರಬಂದವು.

ಕೃತಜ್ಞತೆಯ ದ್ಯೋತಕವಾಗಿ ಮೆಟ್ನರ್ ತಮ್ಮ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ಅವರು ಲಂಡನ್ನಿನಲ್ಲಿ ನಿಧನರಾದರು. ಮೈಸೂರನ್ನು ಅವರು ನೋಡಿದವರಲ್ಲ. ಆದರೂ ಆ ಅರ್ಪಣೆಯಿಂದಾಗಿ ಜಗತ್ತಿನ ಯಾವ ಮೂಲೆಯಲ್ಲಿ ಆ ಕನ್ಸರ್ಟೊದ ಸ್ವರಲಿಪಿ ತೆರೆದರೂ ಮೈಸೂರಿನ ಹೆಸರು ಎದುರಾಗುತ್ತದೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕ ಶಾಸನ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಇತಿಹಾಸಕಾರರಿಗೆ ಸಾಕ್ಷಿ ನುಡಿದ ಕಥೆ ಈ ಭಾಗದವರಿಗೆ ಹೊಸದಲ್ಲ. ಸರಿಯಾದ ಜಾಗದಲ್ಲಿ ಬರೆದ ಒಂದು ಹೆಸರಿಗೆ ಎಷ್ಟು ಬೆಲೆಯೆಂಬುದನ್ನು ಮಸ್ಕಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಕೊನೆಯ ನಾಲ್ಕು ಗೀತೆಗಳು

ಮೆಟ್ನರರೊಂದಿಗೇ ಮಹಾರಾಜರ ನೆರವು ನಿಲ್ಲಲಿಲ್ಲ. ಅವರ ಹೆಸರಿನ ಸಂಗೀತ ಪ್ರತಿಷ್ಠಾನದ ಆಶ್ರಯದಲ್ಲಿ ಹೆಚ್ಚು ಪ್ರಚಾರವಿಲ್ಲದ ಇತರ ರಚನೆಗಳೂ ತಟ್ಟೆಗೆ ಬಂದವು. ರಷ್ಯದ ಬಾಲಕಿರೆವ್ ಅವರ ಮೊದಲ ಸಿಂಫನಿಯನ್ನು ಹರ್ಬರ್ಟ್ ಫಾನ್ ಕರಾಯಾನ್ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಯಾ ಮುದ್ರಿಸಿದ್ದು ಇದೇ ಬೆಂಬಲದಿಂದ.

ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ಗಾಯನ ಮತ್ತು ವಾದ್ಯವೃಂದಕ್ಕಾಗಿ ರಚಿಸಿದ ನಾಲ್ಕು ಗೀತೆಗಳು ಪಾಶ್ಚಾತ್ಯ ಸಂಗೀತದಲ್ಲಿ ವಿಶೇಷ ಸ್ಥಾನ ಪಡೆದಿವೆ. ಅವು ವೇದಿಕೆಯೇರುವ ಮೊದಲೇ, 1949ರ ಸೆಪ್ಟೆಂಬರ್ 8ರಂದು ಸ್ಟ್ರಾಸ್ ತೀರಿಕೊಂಡರು. ಕೊನೆಯ ನಾಲ್ಕು ಗೀತೆಗಳೆಂದೇ ಹೆಸರಾದ ಅವುಗಳ ಪ್ರಥಮ ಪ್ರಯೋಗ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯಾವನ್ನು ನಿರ್ದೇಶಿಸಿದರು. ಆ ಕಾರ್ಯಕ್ರಮ ನಡೆಯಲು 4,800 ಡಾಲರುಗಳ ಖಾತರಿ ನೀಡಿದವರು ಜಯಚಾಮರಾಜ ಒಡೆಯರ್. ಅವರು ಅಂದು ಸಭೆಯಲ್ಲಿರಲಿಲ್ಲ. ಅಲ್ಲಿ ಮುದ್ರಿಸಿದ ಸಂಗೀತವನ್ನು ಮೈಸೂರಿಗೆ ಕಳುಹಿಸಿಕೊಡಬೇಕೆಂಬುದು ಏರ್ಪಾಡು.

ಪಿಯಾನೋದಿಂದ ವೀಣೆಗೆ

ಪಶ್ಚಿಮದತ್ತ ಇಷ್ಟೆಲ್ಲ ಗಮನವಿದ್ದ ಅರಸ ಅದೇ ವರ್ಷಗಳಲ್ಲಿ ಕರ್ನಾಟಕ ಸಂಗೀತದ ವಾಗ್ಗೇಯಕಾರನಾಗಿ ಅರಳಿದ್ದು ಈ ಬದುಕಿನ ಬಹು ದೊಡ್ಡ ತಿರುವು. ವೀಣೆ ವೆಂಕಟಗಿರಿಯಪ್ಪನವರಲ್ಲಿ ಅವರು ವೀಣೆ ಕಲಿತರು. ಕೃತಿ ರಚನೆಯ ಸೂಕ್ಷ್ಮಗಳನ್ನು ವಯೋವೃದ್ಧರಾಗಿದ್ದ ಮೈಸೂರು ವಾಸುದೇವಾಚಾರ್ಯರಿಂದ ತಿಳಿದುಕೊಂಡರು. ಶಿಲ್ಪಿ ಸಿದ್ಧಲಿಂಗಸ್ವಾಮಿಯವರಿಂದ ಶ್ರೀವಿದ್ಯೆಯ ಉಪದೇಶ ಪಡೆದರು. ಪಿಟೀಲು ಚೌಡಯ್ಯ, ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರಂಥ ಕಲಾವಿದರು ಅವರ ಆಸ್ಥಾನದಲ್ಲಿದ್ದರು.

ಪಿಯಾನೋ ಕಲಿತ ಬೆರಳಿಗೆ ವೀಣೆ ಸುಲಭವಲ್ಲ. ಪಿಯಾನೋದ ಪ್ರತಿ ಮನೆಯ ಸ್ವರ ಸ್ಥಿರ. ಒತ್ತಿದ ಮೇಲೆ ಅದನ್ನು ಬಾಗಿಸಲು, ಜಾರಿಸಲು ಬಾರದು. ನಮ್ಮ ರಾಗದ ಜೀವವಿರುವುದು ಗಮಕದಲ್ಲಿ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ಓಲಾಡಿಸಬಹುದು. ಸ್ವರಗಳನ್ನು ಒಂದರ ಮೇಲೊಂದು ಪೇರಿಸುವ ಸಂಗೀತದಿಂದ, ಒಂದೇ ಎಳೆಯನ್ನು ಹಿಡಿದು ಆಳಕ್ಕೆ ಇಳಿಯುವ ಸಂಗೀತಕ್ಕೆ ಅವರು ಮನಸ್ಸನ್ನು ಹೊರಳಿಸಿದರು.

ಅವರ 94 ಕೃತಿಗಳು ಸಂಸ್ಕೃತದಲ್ಲಿವೆ. ಪ್ರತಿಯೊಂದೂ ಬೇರೆ ಬೇರೆ ರಾಗದಲ್ಲಿದೆ. ಅಂಕಿತ ಶ್ರೀವಿದ್ಯಾ. ಬಹುಪಾಲು ಕೃತಿಗಳು ದೇವಿಯನ್ನು ಕುರಿತವು. ಇವು ಹೆಚ್ಚಾಗಿ 1940ರ ದಶಕದ ಮಧ್ಯಭಾಗದ ರಚನೆಗಳು. ಅಂದರೆ ಮೆಟ್ನರರ ಮುದ್ರಣದ ಪ್ರಯತ್ನ ನಡೆದ ಕಾಲದವೇ. ಗಂಭೀರನಾಟ ರಾಗದ ಶ್ರೀ ಜಾಲಂಧರ, ಅಠಾಣ ರಾಗದ ಶ್ರೀ ಮಹಾಗಣಪತಿಂ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತವೆ. ಪರಿಚಿತ ರಾಗಗಳ ಜೊತೆಗೆ ಅಪರೂಪದ ರಾಗಗಳನ್ನೂ ಅವರು ಆರಿಸಿಕೊಂಡರು. 2010ರಲ್ಲಿ ಎಲ್ಲ ಕೃತಿಗಳೂ ಶ್ರೀವಿದ್ಯಾ ಗಾನ ವಾರಿಧಿ ಎಂಬ ಗ್ರಂಥವಾಗಿ ಪ್ರಕಟವಾದವು. ಸಂಪಾದಿಸಿದವರು ವಾಸುದೇವಾಚಾರ್ಯರ ಮೊಮ್ಮಗ ಎಸ್. ಕೃಷ್ಣಮೂರ್ತಿ. ಸಂಗೀತ ಕ್ಷೇತ್ರದ ಸೇವೆಗಾಗಿ 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಜಯಚಾಮರಾಜರಿಗೆ ಫೆಲೊ ಗೌರವವನ್ನು ನೀಡಿತ್ತು.

ಕಛೇರಿ ನೀಡಲು ವೇದಿಕೆ ಬೇಕು, ಶ್ರೋತೃಗಳು ಬೇಕು. ಕೃತಿ ರಚನೆಗೆ ಒಂದು ಕೋಣೆ ಸಾಕು. ಅರಸನಾಗಿದ್ದವನಿಗೆ ಸಾಧ್ಯವಿದ್ದದ್ದು ಎರಡನೆಯದೇ. ನುಡಿಸುವವನಾಗಲು ಬಿಡದ ಸಿಂಹಾಸನ ಅವರನ್ನು ರಚಿಸುವವನಾಗುವತ್ತ ತಿರುಗಿಸಿತೆಂದು ಭಾವಿಸಲು ಅವಕಾಶವಿದೆ.

ಕಾಲ ಕೇಳುವ ಪ್ರಶ್ನೆ

ಈ ಔದಾರ್ಯದ ಕಥೆಗೆ ಇನ್ನೊಂದು ಮುಖವೂ ಇದೆ. 1947ರ ಆಗಸ್ಟ್ 9ರಂದು ಮಹಾರಾಜರು ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರಿನ ಜನರು ಬೀದಿಗಿಳಿದು, ಮೈಸೂರು ಚಲೋ ಚಳವಳಿ ನಡೆಸಿ, ಸೆರೆಮನೆ ಸೇರಬೇಕಾಯಿತು. ಆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನತಾ ಸರ್ಕಾರ ಬಂತು. ಅದೇ ವರ್ಷ ಲಂಡನ್ನಿನಲ್ಲಿ ಮೈಸೂರಿನ ಹಣದಿಂದ ಕನ್ಸರ್ಟೊಗಳು ಮುದ್ರಣವಾಗುತ್ತಿದ್ದವು. ನಿಜಾಮರು ಒಕ್ಕೂಟ ಸೇರಲು ಒಪ್ಪದ ಕಾರಣ ರಾಯಚೂರು ಜಿಲ್ಲೆಯ ಜನ 1948ರ ಸೆಪ್ಟೆಂಬರ್ 17ರವರೆಗೆ ರಜಾಕಾರರ ಭಯದಲ್ಲಿ ದಿನ ನೂಕಬೇಕಾಯಿತು. ಇಂಥ ಕಾಲದಲ್ಲಿ ಇಂಗ್ಲೆಂಡಿನ ವಾದ್ಯವೃಂದಕ್ಕೆ ಭಾರತದ ಅರಸನೊಬ್ಬ ಲಕ್ಷಗಟ್ಟಲೆ ಕೊಟ್ಟದ್ದು ಎಷ್ಟು ಸರಿ ಎಂಬ ಪ್ರಶ್ನೆ ಏಳುವುದು ಸಹಜ.

ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಹಣ ಬೇಟೆಗೋ, ಜೂಜಿಗೋ, ಮೋಜಿನ ಕಾರುಗಳಿಗೋ ಹೋದದ್ದಲ್ಲ ಎಂಬುದನ್ನೂ ಗಮನಿಸಬೇಕು. ಅಂದಿನ ಎಷ್ಟೋ ಸಂಸ್ಥಾನಿಕರ ವೈಭೋಗಗಳು ಗುರುತಿಲ್ಲದೆ ಅಳಿದಿವೆ. ಮೈಸೂರಿನ ಹಣ ಕೊಟ್ಟ ತಟ್ಟೆಗಳು ಉಳಿದಿವೆ. ನೆರವು ಪಶ್ಚಿಮಕ್ಕಷ್ಟೇ ಸೀಮಿತವೂ ಆಗಿರಲಿಲ್ಲ. ಜಯಚಾಮರಾಜ ಗ್ರಂಥರತ್ನಮಾಲೆಯ ಮೂಲಕ ಋಗ್ವೇದ, ಪುರಾಣಗಳು ಕನ್ನಡಕ್ಕೆ ಬಂದು ಸಾಮಾನ್ಯ ಓದುಗರ ಕೈಸೇರಿದ್ದು ಅವರ ಆಸಕ್ತಿಯಿಂದಲೇ.

ಅರಸೊತ್ತಿಗೆಯ ಕಾಲ ಮುಗಿಯುತ್ತಿದ್ದಂತೆ ಲಂಡನ್ನಿಗೆ ಹೋಗುತ್ತಿದ್ದ ನೆರವೂ ನಿಂತಿತು. ಅದನ್ನು ಅವರು ಪ್ರತಿಭಟಿಸಲಿಲ್ಲ. 1950ರ ಜನವರಿ 26ರಂದು ಭಾರತ ಗಣರಾಜ್ಯವಾದಾಗ ಮೈಸೂರಿನ ರಾಜಪ್ರಮುಖರಾದರು. 1956ರಲ್ಲಿ ಏಕೀಕರಣವಾದಾಗ, ಉತ್ತರದ ಜಿಲ್ಲೆಗಳು ಸೇರಿದರೆ ಹಳೆಯ ಮೈಸೂರಿನ ಹಿರಿಮೆ ಕುಂದೀತೆಂದು ಆ ಭಾಗದ ಕೆಲವರು ಆತಂಕ ವ್ಯಕ್ತಪಡಿಸಿದ್ದರು. ಪೂರ್ವಿಕರ ಸಂಸ್ಥಾನದ ಗಡಿ ಕರಗಿಹೋದ ಆ ದಿನ ಜಯಚಾಮರಾಜರು ರಾಯಚೂರು, ಗುಲ್ಬರ್ಗ, ಬೀದರ್, ಧಾರವಾಡ, ಬೆಳಗಾವಿಗಳನ್ನೊಳಗೊಂಡ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರಾಗಿ ಸೇವೆಗೆ ನಿಂತರು. 1964ರ ಮೇ ತಿಂಗಳವರೆಗೆ ಮೈಸೂರಿನ, ಅನಂತರ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿದ್ದರು. ವರ್ಷಕ್ಕೆ 26 ಲಕ್ಷ ರೂಪಾಯಿಗಳ ಅವರ ರಾಜಧನ 1971ರ ಸಂವಿಧಾನ ತಿದ್ದುಪಡಿಯೊಂದಿಗೆ ರದ್ದಾಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನು ಅವರು ಕಂಡರು. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ ನಿಧನರಾದರು.

ಉಳಿದ ನಾದ

ಮೆಟ್ನರ್ ಬಹುಕಾಲ ಮರೆವಿನಲ್ಲಿದ್ದರು. 20ನೆಯ ಶತಮಾನದ ಕೊನೆಯಲ್ಲಿ ಹೊಸ ತಲೆಮಾರಿನ ಪಿಯಾನೋ ವಾದಕರು ಅವರ ರಚನೆಗಳತ್ತ ತಿರುಗಿದಾಗ, ಆ ರಚನೆಗಳನ್ನು ಮೂಲದಲ್ಲಿ ಹೇಗೆ ನುಡಿಸಲಾಗಿತ್ತು ಎಂಬುದಕ್ಕೆ ಪ್ರಮಾಣವಾಗಿ ಸಿಕ್ಕಿದ್ದು ಮೈಸೂರು ಹಣ ಕೊಟ್ಟ ಆ ತಟ್ಟೆಗಳೇ. ಅವು ಸಿಡಿಗಳಾಗಿ ಮರುಮುದ್ರಣಗೊಂಡವು. ಇಂದು ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಕುಳಿತವರೂ ಮೊಬೈಲಿನಲ್ಲಿ ಅವನ್ನು ಕೇಳಬಹುದು. ಹಳೆಯ ತಟ್ಟೆಯ ಸರಸರ ಸದ್ದಿನ ಹಿಂದೆ ಒಬ್ಬ ವೃದ್ಧನ ಬೆರಳುಗಳು ಓಡುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಜಯಚಾಮರಾಜರು ಸ್ವತಃ ಪಿಯಾನೋ ನುಡಿಸಿ ಜಗತ್ತನ್ನು ಸುತ್ತಿದ್ದರೆ ಎಂಥ ಕಲಾವಿದರಾಗುತ್ತಿದ್ದರೆಂದು ಊಹಿಸುವುದು ವ್ಯರ್ಥ. ಸಿಗದ ಭಾಗ್ಯಕ್ಕೆ ಕೊರಗಿ, ಅದು ಸಿಕ್ಕವರನ್ನು ಕಂಡು ಕರುಬುವುದು ಮನುಷ್ಯ ಸಹಜ ಗುಣ. ಅವರು ಹಾಗೆ ಮಾಡಲಿಲ್ಲ. ತಾವು ಏರಲಾರದ ವೇದಿಕೆಯ ಮೇಲೆ ಇನ್ನೊಬ್ಬರನ್ನು ಕೂರಿಸಿದರು. ದಸರೆಯ ಮೆರವಣಿಗೆಯ ಹಳೆಯ ಚಿತ್ರಗಳಲ್ಲಿ ಅಂಬಾರಿಯ ಮೇಲೆ ಕಾಣುವ ಆ ಅರಸನನ್ನು ನೆನೆಯುವಾಗ ಈ ಸಂಗತಿಯನ್ನೂ ನೆನೆಯಬೇಕು.